ಗಡಿಯಾರಗಳ ಅನ್ಯೋನ್ಯಾಶ್ರಯ

ನಾನು ಸೊರಬ ಸೀಮೆಯ ಒಂದು ಶಾಲೆಯಲ್ಲಿ ಉಪಾಧ್ಯಾಯನಾಗಿದ್ದಾಗ, ತಡವಾಗಿ ಬಂದನೆಂದು ಒಬ್ಬ ಬಾಲಕನನ್ನು ಬಿಸಿಲಿನಲ್ಲಿ ನಿಲ್ಲಿಸಿದೆನು. ನೆರಳನ್ನು ನೋಡಿಯೇ ಹೊರಟೆನೆಂದು ಅವನೆಂದರೂ ಕೇಳಲಿಲ್ಲ. ಸಂಜೆ ಆಕಾಶವಾಣಿಯ ಸಮಯಸೂಚನೆಯೊಡನೆ ಹೋಲಿಸಿದಾಗ ಶಾಲೆಯ ಗಡಿಯಾರವೇ ಹನ್ನೆರಡು ನಿಮಿಷ ಮುಂದಿದ್ದಿತು. ಮುಳ್ಳನ್ನು ಹಿಂದಕ್ಕೆ ತಿರುಗಿಸಿದೆನು. ಬಾಲಕನಿಗೆ ಮಾತ್ರ ಏನನ್ನೂ ಹೇಳಲಿಲ್ಲ. ಇಬ್ಬರ ಕಾಲವು ಬೇರೆಯಾದಾಗ ಯಾರದನ್ನು ಪ್ರಮಾಣವೆನ್ನತಕ್ಕದ್ದು ಎಂಬ ಪ್ರಶ್ನೆಯು ಅಂದಿನಿಂದಲೂ ನನ್ನನ್ನು ಬಿಟ್ಟಿಲ್ಲ.

ಪೂರ್ವದಲ್ಲಿ ವಿವಾಹಮುಹೂರ್ತಕ್ಕೆ ಗಳಿಗೆಬಟ್ಟಲನ್ನು ನೀರಿನಲ್ಲಿ ಬಿಡುತ್ತಿದ್ದರಷ್ಟೆ. ಅಹೋರಾತ್ರಕ್ಕೆ 60 ಸಾರಿ ಅದು ಮುಳುಗುವುದು. ಬೀಗರಿಬ್ಬರೂ ನೋಡುವ ಬಟ್ಟಲು ಒಂದೇ ಆದುದರಿಂದ ವಿವಾದಕ್ಕೆ ಎಡೆಯಿರಲಿಲ್ಲ; ಬೀಗರಿಗೆ ವಿವಾದಕ್ಕೆ ಬೇರೆ ವಿಷಯಗಳಿದ್ದುವು. ಆದರೆ ದೂರದೂರದಲ್ಲಿರುವ ಎರಡು ಗಡಿಯಾರಗಳ ಗತಿಯೇನು?

ಶಿಕಾರಿಪುರದಿಂದ ಸೊರಬಕ್ಕೆ 40 ಕಿಲೋಮೀಟರುಗಳ ಗಾಜಿನ ಎಳೆಯನ್ನು ಹಾಸಿದೆವೆಂದಿಟ್ಟುಕೊಳ್ಳೋಣ. ಅದರೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುವುದು. ಸೊರಬವನ್ನು ಮುಟ್ಟಲು ಸೆಕೆಂಡಿನ 5000ದಲ್ಲೊಂದು ಪಾಲು ಸಾಕು. ಆದರೆ ಈ ಹೋಗುವ ಕಾಲವನ್ನಳೆಯಲು ಎರಡೂರಿನ ಗಡಿಯಾರಗಳು ಮೊದಲೇ ಹೊಂದಿರಬೇಕು. ಅವನ್ನು ಹೊಂದಿಸಲು ಹೋಗುವ ಕಾಲವು ತಿಳಿದಿರಬೇಕು. ನೈಯಾಯಿಕರು ಅನ್ಯೋನ್ಯಾಶ್ರಯವೆಂದು ಹಳಿಯುವ ದೋಷವೇ ಇದು. 1905ರಲ್ಲಿ ಐನ್‌ಸ್ಟೈನರು, ಹೋಗಿಬರುವ ಕಾಲದ ಅರ್ಧವೇ ಹೋಗುವ ಕಾಲವೆಂದು ಅಂಗೀಕರಿಸಿ ಮುಂದೆ ನಡೆದರು. ಅದು ಅಳತೆಯಲ್ಲ, ಒಪ್ಪಂದ.

ಈಗ ಪರಸ್ಪರ ಹೆಣೆದುಕೊಂಡ ಫೋಟಾನುಗಳ, ಎಂದರೆ ಬೆಳಕಿನ ಯಮಳಕಣಗಳ, ಸಹಾಯದಿಂದ ಇದನ್ನು ಸಾಧಿಸುತ್ತಾರೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2021ರಲ್ಲಿ ಎರಡು ಕಟ್ಟಡಗಳ ನಡುವೆ ಬಯಲಿನ ಗಾಳಿಯಲ್ಲಿಯೇ ಕ್ವಾಂಟಂ ಗೂಢಕೀಲಿಯನ್ನು ಕಳುಹಿಸಿದರು. ಇಂತಹ ಕಾರ್ಯದಲ್ಲಿ ಕಳುಹಿಸಿದ ಕಣವಾವುದು, ಬಂದ ಕಣವಾವುದು ಎಂದು ಗುರುತಿಸಲು ಗಡಿಯಾರಗಳ ಸಾಮರಸ್ಯವು ಅತ್ಯಾವಶ್ಯಕ. ಯಮಳಗಳಲ್ಲಿ ಒಂದನ್ನು ಇಲ್ಲಿ ಹಿಡಿದು, ಇನ್ನೊಂದನ್ನು ಎಳೆಯ ಮೂಲಕ ಆಚೆಗೆ ಬಿಡುವರು. ಅವು ಯಾವಾಗ ಹುಟ್ಟುವುವೆಂದು ಮುಂದಾಗಿ ಹೇಳಲು ಯಾರಿಗೂ ಸಾಧ್ಯವಿಲ್ಲ. ಒಂದೂರಿನ ದಾಖಲೆಯನ್ನು ಮಾತ್ರ ಓದಿದರೆ ಅಡ್ಡಾದಿಡ್ಡಿ ಅಂಕಿಗಳೇ ಹೊರತು ಮತ್ತೇನೂ ಕಾಣದು. ಎರಡನ್ನೂ ಪಕ್ಕದಲ್ಲಿಟ್ಟು ಸರಿಸುತ್ತ ಬಂದರೆ, ಒಂದು ಅಂತರದಲ್ಲಿ ಜೋಡಿಗಳೆಲ್ಲವೂ ತಟಕ್ಕನೆ ಕೂಡಿಬಿಡುವುವು. ಎದುರು ದಿಕ್ಕಿನಿಂದಲೂ ಹೀಗೆಯೇ ಮಾಡಿದರೆ, ಎರಡು ಅಂತರಗಳಿಂದ ಗಡಿಯಾರಗಳ ವ್ಯತ್ಯಾಸವು ಹೊರಬೀಳುವುದು. ಯಾವೊಂದು ಗಡಿಯಾರವೂ ಇಲ್ಲಿ ಗುರುವಲ್ಲ. ಸತ್ಯವಿರುವುದು ಎರಡು ಸಾಕ್ಷ್ಯಗಳ ನಡುವೆ. ಇದನ್ನು ತಿಳಿದಾಗ ನನಗೆ ಪರಮಸಂತೋಷವಾಯಿತು.

ಸಂತೋಷವು ಬಹುಕಾಲ ನಿಲ್ಲಲಿಲ್ಲ. ಹೆಣಿಗೆಯನ್ನು ಪರೀಕ್ಷಿಸಿ ಕಣವು ಅಸಲೋ ನಕಲೋ ಎಂದರಿಯಬಹುದು, ನಿಜ. ಆದರೆ ದುಷ್ಟನೊಬ್ಬನು ಹೋಗುವ ದಾರಿಯನ್ನು ಮಾತ್ರ ಗುಟ್ಟಾಗಿ ಉದ್ದಮಾಡಿದರೆ, ಹೆಣಿಗೆಯು ಕೆಡದೆಯೇ ಕಾಲವು ತಪ್ಪುವುದೆಂದು 2019ರಲ್ಲಿ ಸಿಂಗಾಪುರದ ರಾಷ್ಟ್ರೀಯ ವಿಶ್ವವಿದ್ಯಾನಿಲಯದ ಸಂಶೋಧಕರೇ ತೋರಿಸಿಕೊಟ್ಟರು. ಸಾಕ್ಷಿಗಳಿಬ್ಬರೂ ಸತ್ಯವಂತರು, ಲೆಕ್ಕವೂ ಕೂಡಿತು, ಆದರೂ ತೀರ್ಪು ತಪ್ಪು.

ಆ ಬಾಲಕನು ಮರುದಿನದಿಂದ ನನಗಿಂತ ಮೊದಲೇ ಬಂದು ಜಗಲಿಯ ಮೇಲೆ ಕುಳಿತಿರುತ್ತಿದ್ದನು. ನಮ್ಮಿಬ್ಬರ ಕಾಲವೂ ಹೊಂದಿತೆಂದು ನಾನು ತಿಳಿದೆನು. ನನ್ನ ಬಿಡಾರವು ಶಾಲೆಯ ಹಿಂದೆಯೇ ಇದ್ದಿತು. ಅವನು ಎರಡು ಹಳ್ಳಗಳನ್ನು ದಾಟಿ ಬರಬೇಕಾಗಿದ್ದಿತು.