ತನ್ನದಲ್ಲದ್ದನ್ನು ಮಾರುವುದು

ವಿಎಂವೇರ್ ಎಂಬ ಸಾಫ್ಟ್‌ವೇರ್ ಕಂಪನಿಯನ್ನು ಬ್ರಾಡ್‌ಕಾಮ್ ಕೊಂಡುಕೊಂಡ ವ್ಯವಹಾರ ಪೂರ್ಣಗೊಂಡಿದ್ದು 2023ರ ನವೆಂಬರ್ 22ರಂದು. ಮೂರು ವಾರ ಕಳೆಯುವ ಮೊದಲೇ ಹೊಸ ಯಜಮಾನರ ಪ್ರಕಟಣೆ ಬಂತು: ಇನ್ನು ಮುಂದೆ ಶಾಶ್ವತ ಪರವಾನಗಿ ಮಾರುವುದಿಲ್ಲ, ಬೇಕಾದವರು ಚಂದಾ ಕಟ್ಟಿ ಬಳಸಬಹುದು. ಬಿಡಿಬಿಡಿಯಾಗಿ ಸಿಗುತ್ತಿದ್ದ ಉತ್ಪನ್ನಗಳೆಲ್ಲ ಕೆಲವೇ ದೊಡ್ಡ ಕಟ್ಟುಗಳೊಳಗೆ ಸೇರಿಹೋದವು. ಒಂದು ಸೌಟು ಬೇಕಿದ್ದವನೂ ಇಡೀ ಅಡುಗೆಮನೆಗೆ ಬಾಡಿಗೆ ತೆರಬೇಕಾದ ಸ್ಥಿತಿ. ಗ್ರಾಹಕರು ಸಿಟ್ಟಾದರು. ಅದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಆ ಸಿಟ್ಟಿನ ಭಾಷೆ ನನಗೆ ಕುತೂಹಲ ಹುಟ್ಟಿಸಿತು. ‘ದುಬಾರಿಯಾಯಿತು’ ಎಂದು ಹೇಳಿ ಸುಮ್ಮನಾದವರು ಕಡಿಮೆ. ‘ಸುಲಿಗೆ’, ‘ಒತ್ತೆಯಾಳು’ ಎಂಬಂಥ ಮಾತುಗಳೇ ಹೆಚ್ಚು. ಇವು ಲೆಕ್ಕಪತ್ರದ ಪದಗಳಲ್ಲ, ಅನ್ಯಾಯದ ಪದಗಳು. ಬೆಲೆ ಏರಿಸುವುದು ಅನ್ಯಾಯವಾಗಬಲ್ಲುದೇ?

ಈ ಸಾಫ್ಟ್‌ವೇರ್ ಮಾಡುವ ಕೆಲಸವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಒಂದು ದೊಡ್ಡ ಕಂಪ್ಯೂಟರನ್ನು ಅದು ಹತ್ತಾರು ಕಾಲ್ಪನಿಕ ಕಂಪ್ಯೂಟರುಗಳಾಗಿ ಪಾಲು ಮಾಡುತ್ತದೆ. ವಠಾರದ ಮನೆಗಳ ಹಾಗೆ, ಪ್ರತಿಯೊಂದು ಪಾಲೂ ತಾನೇ ಒಂದು ಪೂರ್ತಿ ಯಂತ್ರವೆಂದು ತಿಳಿದು ಕೆಲಸ ಮಾಡುತ್ತದೆ. ಎರಡು ದಶಕಗಳಿಂದ ಬ್ಯಾಂಕು, ಆಸ್ಪತ್ರೆ, ವಿಶ್ವವಿದ್ಯಾಲಯ, ಸರ್ಕಾರಿ ಇಲಾಖೆಗಳು ತಮ್ಮ ಸರ್ವರ್‌ಗಳನ್ನು ಇದರ ಮೇಲೆ ನಿಲ್ಲಿಸಿಕೊಂಡಿವೆ. ಅಡಿಪಾಯ ಅನ್ನುತ್ತಾರಲ್ಲ, ಅದು.

ಅಮೆರಿಕದ ದೂರಸಂಪರ್ಕ ಕಂಪನಿ ಎಟಿ ಅಂಡ್ ಟಿ 2024ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ನ್ಯಾಯಾಲಯಕ್ಕೆ ಹೋಯಿತು. ಅದರ ಸುಮಾರು 8,600 ಸರ್ವರ್‌ಗಳಲ್ಲಿ 75,000 ಇಂಥ ಕಾಲ್ಪನಿಕ ಯಂತ್ರಗಳಿದ್ದವು. ತಾನು ಹಿಂದೆಯೇ ಕೊಂಡ ಶಾಶ್ವತ ಪರವಾನಗಿಗಳಿಗೆ ತಾಂತ್ರಿಕ ಬೆಂಬಲವನ್ನು ಮುಂದುವರಿಸುವ ಹಕ್ಕು ಒಪ್ಪಂದದಲ್ಲೇ ಇದೆ, ಅದನ್ನು ನಿರಾಕರಿಸಲಾಗುತ್ತಿದೆ ಎಂಬುದು ಅದರ ವಾದ. ಮುಂದಿಟ್ಟ ಹೊಸ ಪ್ರಸ್ತಾಪದಲ್ಲಿ ವರ್ಷದ ವೆಚ್ಚ ಶೇ 1,050ರಷ್ಟು ಏರುತ್ತದೆ ಎಂದೂ ಅದು ಹೇಳಿತು. ಇಡೀ ಉದ್ಯಮವೇ ಚಂದಾ ಪದ್ಧತಿಗೆ ಹೊರಳಿದೆ, ತಾವೂ ಹೊರಳಿದ್ದೇವೆ ಎಂಬುದು ಬ್ರಾಡ್‌ಕಾಮ್‌ನ ಸಮರ್ಥನೆ. ಮೊಕದ್ದಮೆ ಕೆಲವೇ ತಿಂಗಳಲ್ಲಿ ರಾಜಿಯಲ್ಲಿ ಮುಗಿಯಿತು. (ಎಟಿ ಅಂಡ್ ಟಿ ಕೂಡ ಬಡಪಾಯಿಯೇನಲ್ಲ. ತಿಂಗಳು ತಿಂಗಳು ಅದಕ್ಕೆ ಫೋನ್ ಬಿಲ್ ಕಟ್ಟುವವರು ಈ ದೂರನ್ನು ಓದಿ ನಕ್ಕಿದ್ದರೂ ತಪ್ಪಿಲ್ಲ.)

ಬಾವಿ ಮಾರಿದ್ದೇನೆ, ನೀರು ಮಾರಿಲ್ಲ ಎಂದವನ ಕಥೆ ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದ್ದೇವೆ. ಶಾಶ್ವತ ಪರವಾನಗಿಯ ಗತಿ ಇದಕ್ಕಿಂತ ಒಂದು ಹೆಜ್ಜೆ ನಯ. ಬಾವಿಯೂ ನಿನ್ನದೇ, ನೀರೂ ನಿನ್ನದೇ, ಆದರೆ ಹೂಳು ತೆಗೆಯುವವರು ನಾವು ಮಾತ್ರ, ಮತ್ತು ನಾವು ಬರುವುದಿಲ್ಲ. ಭದ್ರತಾ ಲೋಪಗಳನ್ನು ಸರಿಪಡಿಸುವವರಿಲ್ಲದ ಸಾಫ್ಟ್‌ವೇರನ್ನು ಬಳಸುವ ಹಕ್ಕು ಕಾಗದದ ಮೇಲೆ ಶಾಶ್ವತ. ಆಸ್ಪತ್ರೆಯೊಂದರ ದಾಖಲೆಗಳನ್ನು ಅದರ ಮೇಲೆ ಇಟ್ಟುಕೊಂಡು ನೆಮ್ಮದಿಯಾಗಿ ನಿದ್ದೆ ಮಾಡುವ ಧೈರ್ಯ ಯಾರಿಗಿದೆ?

ಬೆಲೆ ಮತ್ತು ನ್ಯಾಯದ ಬಗ್ಗೆ 1986ರಲ್ಲಿ ಡೇನಿಯಲ್ ಕಾಹ್ನಮನ್, ಜ್ಯಾಕ್ ನೆಟ್ಷ್, ರಿಚರ್ಡ್ ಥೇಲರ್ ಪ್ರಕಟಿಸಿದ ಲೇಖನವೊಂದು ಪ್ರಸಿದ್ಧವಾಗಿದೆ. ಹಿಮ ಎತ್ತುವ ಸಲಿಕೆಯನ್ನು 15 ಡಾಲರ್‌ಗೆ ಮಾರುತ್ತಿದ್ದ ಅಂಗಡಿಯವನು, ದೊಡ್ಡ ಹಿಮಪಾತದ ಮರುದಿನ ಬೆಳಿಗ್ಗೆ 20 ಡಾಲರ್ ಮಾಡಿದರೆ ಸರಿಯೇ ಎಂದು ಅವರು ಜನರನ್ನು ಕೇಳಿದರು. ಶೇ 82ರಷ್ಟು ಮಂದಿ ಅನ್ಯಾಯ ಎಂದರು. ತನ್ನ ಖರ್ಚು ಹೆಚ್ಚಿದಾಗ ಅಂಗಡಿಯವನು ಬೆಲೆ ಏರಿಸಿದರೆ ಜನ ಒಪ್ಪುತ್ತಾರೆ, ಕೊಳ್ಳುವವರ ಇಕ್ಕಟ್ಟನ್ನು ನೋಡಿ ಏರಿಸಿದರೆ ಒಪ್ಪುವುದಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿ ಗೆಳೆಯರು ಇದನ್ನು ಭಾವುಕತೆ ಎನ್ನುತ್ತಾರೆ. ಸಲಿಕೆ ಕಡಿಮೆಯಿದ್ದಾಗ ಬೆಲೆ ಏರಿದರೇ ಅದು ನಿಜವಾಗಿ ಬೇಕಾದವನಿಗೆ ತಲುಪುವುದು ಎಂಬುದು ಅವರ ತರ್ಕ. ಸಲಿಕೆಯ ಮಟ್ಟಿಗೆ ಆ ತರ್ಕಕ್ಕೆ ಬೆಲೆಯಿದೆ. ಆದರೆ ಸಾಫ್ಟ್‌ವೇರ್‌ಗೆ ಕೊರತೆ ಎಂಬುದೇ ಇಲ್ಲವಲ್ಲ! ಇನ್ನೊಂದು ಪ್ರತಿ ಮಾಡಿಕೊಡಲು ಹೆಚ್ಚುಕಡಿಮೆ ಏನೂ ಖರ್ಚಿಲ್ಲ. ಇಲ್ಲಿ ಏರಿದ ಬೆಲೆ ಯಾವ ಅಭಾವದ ಸುದ್ದಿಯನ್ನೂ ಹೇಳುತ್ತಿಲ್ಲ.

ಹಾಗಾದರೆ ಅದು ಯಾವುದರ ಬೆಲೆ? ನನಗೆ ಉತ್ತರದ ಎಳೆ ಸಿಕ್ಕಿದ್ದು ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸನಲ್ಲಿ. ವ್ಯಾಪಾರದ ನ್ಯಾಯಾನ್ಯಾಯವನ್ನು ಚರ್ಚಿಸುತ್ತ ಅವನು ಸೂಕ್ಷ್ಮವಾದ ಒಂದು ಭೇದ ಮಾಡುತ್ತಾನೆ. ವಸ್ತುವನ್ನು ಬಿಟ್ಟುಕೊಡುವುದರಿಂದ ಮಾರುವವನಿಗೇ ನಷ್ಟವಾಗುವುದಿದ್ದರೆ ಅವನು ಹೆಚ್ಚು ಕೇಳಬಹುದು, ಅದು ಅವನ ನಷ್ಟ. ಆದರೆ ಮಾರುವವನಿಗೆ ಅಂಥ ನಷ್ಟವಿಲ್ಲದೆ, ಕೊಳ್ಳುವವನಿಗೆ ಮಾತ್ರ ಅದರ ತೀರಾ ಅಗತ್ಯವಿದೆ ಎಂಬ ಕಾರಣಕ್ಕೆ ಬೆಲೆ ಏರಿಸುವಂತಿಲ್ಲ. ಯಾಕೆಂದರೆ ಆ ಅಗತ್ಯ ಕೊಳ್ಳುವವನದು. ತನ್ನದಲ್ಲದ್ದನ್ನು ಯಾರೂ ಮಾರಬಾರದು.

ಈ ಮಾತನ್ನು ವಿಎಂವೇರ್‌ಗೆ ಹಚ್ಚಿ ನೋಡಿ. ಗ್ರಾಹಕ ಬಿಟ್ಟುಹೋಗಲಾರದೆ ಸಿಕ್ಕಿಬಿದ್ದಿರುವುದು ಯಾತರಲ್ಲಿ? ಹದಿನೈದು ವರ್ಷ ಅವನ ಎಂಜಿನಿಯರುಗಳು ಕಲಿತ ವಿದ್ಯೆಯಲ್ಲಿ, ರಾತ್ರಿ ಎರಡು ಗಂಟೆಗೆ ಎದ್ದು ಬರೆದ ಸಣ್ಣಪುಟ್ಟ ಪ್ರೋಗ್ರಾಮುಗಳಲ್ಲಿ, ಬ್ಯಾಕಪ್ಪಿಗೆಂದು ಕಟ್ಟಿಕೊಂಡ ವ್ಯವಸ್ಥೆಯಲ್ಲಿ. ಬೇರೆಡೆಗೆ ಹೋಗಲು ತನಗೆ 4ರಿಂದ 5 ಕೋಟಿ ಡಾಲರ್ ತಗಲುತ್ತದೆಂದು ಎಟಿ ಅಂಡ್ ಟಿ ಲೆಕ್ಕ ಹಾಕಿತ್ತು. ಆ ಮೊತ್ತದ ಬಹುಪಾಲು ಗ್ರಾಹಕನೇ ಸುರಿದ ದುಡಿಮೆಯ ಭಾರ ಎಂದು ನನ್ನ ಎಣಿಕೆ. ಏರಿದ ಬೆಲೆ ಆ ಭಾರಕ್ಕೆ ವಿಧಿಸಿದ ಬಾಡಿಗೆ. ‘ಸುಲಿಗೆ’ ಎಂಬ ಪದ ಬಾಯಿಗೆ ಬಂದದ್ದು ಇದಕ್ಕೇ ಇರಬೇಕು. ತನ್ನ ಬೆವರನ್ನೇ ತನಗೆ ಮತ್ತೆ ಮಾರುತ್ತಿದ್ದಾರೆ ಎಂಬ ಅನುಮಾನ ಅದರಲ್ಲಿದೆ.

ಆಕ್ಷೇಪಗಳಿವೆ, ಗೊತ್ತು. ಒಳ್ಳೆಯ ಉತ್ಪನ್ನ ಕೊಟ್ಟದ್ದರಿಂದಲೇ ಅಲ್ಲವೇ ಜನ ಅದಕ್ಕೆ ಒಗ್ಗಿದ್ದು? ಅವಲಂಬನೆಯಲ್ಲಿ ತಯಾರಕನ ಪಾಲೂ ಇಲ್ಲವೇ? ಇದೆ. ಆದರೆ ಆ ಪಾಲಿಗೆ ಹಣ ಹಿಂದೆಯೇ ಸಂದಾಯವಾಗಿತ್ತು, ‘ಶಾಶ್ವತ’ ಎಂಬ ಪದದ ಜೊತೆಗೆ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ: ಎಲ್ಲ ಮೊಟ್ಟೆಗಳನ್ನೂ ಒಂದೇ ಬುಟ್ಟಿಯಲ್ಲಿ ಇಟ್ಟವರು ಯಾರು? ಪರ್ಯಾಯಗಳು ಇದ್ದವು, ಮುಕ್ತ ತಂತ್ರಾಂಶಗಳೂ ಇದ್ದವು. ಅಗ್ಗವಾಗಿದ್ದಷ್ಟು ದಿನ ಅತ್ತ ತಿರುಗಿ ನೋಡದವರಿಗೆ ಈಗ ನೈತಿಕತೆ ನೆನಪಾಯಿತು. ಈ ಮಾತನ್ನು ನಾನು ತಳ್ಳಿಹಾಕಲಾರೆ. ಆದರೂ ಬಾಗಿಲು ಹಾಕಿಕೊಳ್ಳದೆ ಮಲಗಿದವನದು ಅವಿವೇಕವೇ ಹೊರತು ಒಳಗೆ ಬರುವವನಿಗೆ ಕೊಟ್ಟ ಅನುಮತಿಯಲ್ಲ.

ಶಾಶ್ವತ ಪರವಾನಗಿ ನಿಂತ ಎರಡೇ ತಿಂಗಳಿಗೆ, 2024ರ ಫೆಬ್ರುವರಿಯಲ್ಲಿ, ಈ ಸಾಫ್ಟ್‌ವೇರಿನ ಉಚಿತ ಆವೃತ್ತಿಯನ್ನೂ ಕಂಪನಿ ನಿಲ್ಲಿಸಿತು. ಹಳೆಯ ಕಂಪ್ಯೂಟರೊಂದನ್ನು ಮನೆಯ ಮೂಲೆಯಲ್ಲಿಟ್ಟುಕೊಂಡು ಕಲಿಯುವ ವಿದ್ಯಾರ್ಥಿಗಳು, ಹವ್ಯಾಸಿಗಳು ಬಳಸುತ್ತಿದ್ದದ್ದು ಅದನ್ನು. ಅವರಿಂದ ಕಂಪನಿಗೆ ಒಂದು ಪೈಸೆಯೂ ಬರುತ್ತಿರಲಿಲ್ಲ. ಆದರೆ ನಾಳೆ ಕಚೇರಿಗಳಲ್ಲಿ ‘ನನಗೆ ಇದು ಗೊತ್ತಿದೆ, ಇದನ್ನೇ ತರಿಸೋಣ’ ಎನ್ನುವವರು ತಯಾರಾಗುತ್ತಿದ್ದದ್ದು ಆ ಮೂಲೆಗಳಲ್ಲೇ. 2025ರ ಏಪ್ರಿಲ್‌ನಲ್ಲಿ ಉಚಿತ ಆವೃತ್ತಿ ಸದ್ದಿಲ್ಲದೆ ಮರಳಿ ಬಂತು, ಆವೃತ್ತಿ ಟಿಪ್ಪಣಿಯ ಒಂದು ಸಾಲಿನಲ್ಲಿ. ಅಷ್ಟರಲ್ಲಿ ಆ ಮೂಲೆಗಳ ಕೆಲವು ಕಂಪ್ಯೂಟರುಗಳಲ್ಲಿ ಪ್ರಾಕ್ಸ್‌ಮಾಕ್ಸ್ ಎಂಬ ಮುಕ್ತ ತಂತ್ರಾಂಶ ಓಡುತ್ತಿತ್ತು.