ಬೆಲೆ ಹೇಳಲಾಗದ ಚೀಲ

ಕಳೆದ ವರ್ಷ, 2025ರ ಜುಲೈನ ಒಂದು ಭಾನುವಾರ, ಅಕ್ಕನ ಮಗಳು ನನ್ನನ್ನು ಬೆಂಗಳೂರಿನ ಒಂದು ಮಾಲಿಗೆ ಕರೆದುಕೊಂಡು ಹೋದಳು. ಅಲ್ಲಿ ಹೊಸದಾಗಿ ತೆರೆದಿದ್ದ ವಿದೇಶಿ ಬ್ಯಾಗುಗಳ ಅಂಗಡಿಯಲ್ಲಿ ಅವಳಿಗೊಂದು ಕೈಚೀಲ ಕೊಳ್ಳಬೇಕಿತ್ತು. ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಎರಡು ವರ್ಷದಿಂದ ಇದಕ್ಕೆಂದೇ ತಿಂಗಳು ತಿಂಗಳು ದುಡ್ಡು ಎತ್ತಿಟ್ಟಿದ್ದಳು. "ಒಬ್ಬಾಕಿಗೆ ಒಳಗ ಹೋಗಾಕ ಒಂಥರಾ ಆಕ್ಕೈತಿ ಮಾಮಾ, ನೀ ಬಾ" ಅಂದಿದ್ದಳು. ನನಗೂ ಒಂಥರಾ ಆಗಿತ್ತೆಂದು ಅವಳಿಗೆ ಹೇಳಲಿಲ್ಲ. ಬೆಳಿಗ್ಗೆ ಎರಡು ಅಂಗಿ ಬದಲಾಯಿಸಿದ್ದೆ. ಅದಕ್ಕೆ ಹಿಂದಿನ ವರ್ಷವಷ್ಟೇ, 2024ರ ಜುಲೈನಲ್ಲಿ, ಪಂಚೆ ಉಟ್ಟು ಬಂದ ಹಾವೇರಿ ಜಿಲ್ಲೆಯ ರೈತರೊಬ್ಬರನ್ನು ಬೆಂಗಳೂರಿನ ಮಾಲೊಂದು ಒಳಗೆ ಬಿಟ್ಟಿರಲಿಲ್ಲ. ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತ್ತು. ಹೊಳೆ ದಾಟಿದರೆ ಹಾವೇರಿ. ನಮ್ಮ ಅಪ್ಪನೂ ಸಾಯುವತನಕ ಪಂಚೆಯನ್ನೇ ಉಟ್ಟವನು.

ಅಂಗಡಿಯ ಬಾಗಿಲಲ್ಲಿ ಕಪ್ಪು ಸೂಟು ತೊಟ್ಟ ಹುಡುಗನೊಬ್ಬ ನಿಂತಿದ್ದ. ನಮ್ಮ ಮಾತು ಕಿವಿಗೆ ಬಿದ್ದು, ಬಾಗಿಲು ತೆಗೆಯುತ್ತಲೇ "ಯಾವೂರ್ರಿ ಸಾರ್ ನಿಮ್ದು?" ಅಂದ. ಹಡಗಲಿ ತಾಲ್ಲೂಕಿನ ಹಿರೇಹಡಗಲಿ ಅಂದೆ. "ನಮ್ದು ಹರಪನಹಳ್ಳಿ ಕಡೆ" ಅಂದು ನಕ್ಕ. ಮುಕ್ಕಾಲು ತಾಸಿನ ಮೇಲೆ ನಾವು ಹೊರಬಂದಾಗ ಅವನು ಅವಳ ಕೈಲಿದ್ದ ರಟ್ಟಿನ ಚೀಲವನ್ನು ನೋಡಿ, ದನಿ ತಗ್ಗಿಸಿ ನನ್ನನ್ನು ಕೇಳಿದ: "ಎಷ್ಟಾತ್ರಿ ಅದು?"

"ನನಗೂ ಸರಿಯಾಗಿ ಗೊತ್ತಿಲ್ಲಪ್ಪಾ" ಅಂದೆ.

ಗೊತ್ತಿತ್ತು. 1,85,000 ರೂಪಾಯಿ.

ಆ ಸುಳ್ಳು ಯಾಕೆ ಬಾಯಿಗೆ ಬಂತು ಎಂಬುದನ್ನು ಅಂದಿನಿಂದ ಯೋಚಿಸುತ್ತಿದ್ದೇನೆ. ಕದ್ದ ದುಡ್ಡಲ್ಲ, ಲಂಚದ ದುಡ್ಡಲ್ಲ. ಹುಡುಗಿ ದುಡಿದ ದುಡ್ಡು, ತೆರಿಗೆ ಕಟ್ಟಿದ ದುಡ್ಡು. ಹಾಗಿದ್ದರೂ ಹರಪನಹಳ್ಳಿಯ ಆ ಹುಡುಗನ ಮುಂದೆ ಅದರ ಬೆಲೆ ಹೇಳಲು ನನ್ನ ನಾಲಿಗೆ ಒಪ್ಪಲಿಲ್ಲ.

ಮೊದಲು ಹೊಳೆದದ್ದು ಸುಲಭದ ಲೆಕ್ಕ. 2025-26ಕ್ಕೆ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ. ಒಂದು ಕುಟುಂಬಕ್ಕೆ ವರ್ಷಕ್ಕೆ ಖಾತ್ರಿಯಿದ್ದದ್ದು 100 ದಿನ. ಅಂದರೆ ಈ ಚೀಲ 500 ದಿನದ ಕೂಲಿ, ಒಂದು ಮನೆಯ ಐದು ವರ್ಷದ ಖಾತ್ರಿ. ಲೆಕ್ಕ ತಪ್ಪಿಲ್ಲ. ಆದರೆ ಈ ಲೆಕ್ಕ ಯಾವುದನ್ನೂ ಬಿಡುವುದಿಲ್ಲ. ತತ್ತ್ವಶಾಸ್ತ್ರಜ್ಞ ಪೀಟರ್ ಸಿಂಗರ್, ಪೂರ್ವ ಬಂಗಾಳದ ನಿರಾಶ್ರಿತರ ಸಂಕಟವನ್ನು ಮುಂದಿಟ್ಟುಕೊಂಡು 1972ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನೇ ಕಟುವಾಗಿ ಕೇಳಿದ್ದ. ಕೆರೆಯಲ್ಲಿ ಮಗು ಮುಳುಗುತ್ತಿರುವಾಗ ಬಟ್ಟೆ ಕೆಸರಾಗುತ್ತದೆಂದು ದಡದಲ್ಲೇ ನಿಲ್ಲುವಿರಾ? ಹಾಗಿದ್ದರೆ ದೂರದಲ್ಲಿ ಸಾಯುತ್ತಿರುವವರನ್ನು ಉಳಿಸಬಹುದಾದ ದುಡ್ಡನ್ನು ಬೇಡದ ಬಟ್ಟೆಗೆ ಸುರಿಯುವುದು ಹೇಗೆ ಬೇರೆ? ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ಅದು ಚೀಲವನ್ನಷ್ಟೇ ಅಲ್ಲ, ನನ್ನ ಪುಸ್ತಕದ ಕಪಾಟನ್ನೂ ಹಿಡಿಯುತ್ತದೆ. ಹುಡುಗಿ ಮೆಟ್ರೋದಲ್ಲಿ ಇದನ್ನೇ ಹೇಳಿದಳು: "ನೀ ಪುಸ್ತಕ ತಗೊಂಡ್ರ ಸಂಸ್ಕೃತಿ, ನಾ ಬ್ಯಾಗ್ ತಗೊಂಡ್ರ ಶೋಕಿ. ಹೌದಿಲ್ಲೋ?" ಅವಳ ಅಣ್ಣನ ಮದುವೆಗೆ ಶಾಮಿಯಾನ, ಬ್ಯಾಂಡು, ಊಟಕ್ಕೆಂದು ಇದರ ಮೂರು ಪಟ್ಟು ಖರ್ಚಾಗಿತ್ತು. ಆಗ ಕೂಲಿಯ ಲೆಕ್ಕ ಹಾಕಿದವರು ಯಾರೂ ಇರಲಿಲ್ಲ. ನಾನಂತೂ ಇರಲಿಲ್ಲ.

ಹಾಗಾದರೆ ಅವಳಿಗೆ ಆ ಚೀಲ ಯಾಕೆ ಬೇಕಿತ್ತು? ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮೀಟಿಂಗಿನಲ್ಲಿ ಉಳಿದ ಹೆಂಗಸರೆಲ್ಲ ತಮ್ಮ ಬ್ಯಾಗನ್ನು ಮೇಜಿನ ಮೇಲೆ ಇಡುತ್ತಿದ್ದರಂತೆ. ಇವಳು ತನ್ನದನ್ನು ಕುರ್ಚಿಯ ಕೆಳಗೆ, ಕಾಲಿನ ಹಿಂದೆ ಇಡುತ್ತಿದ್ದಳಂತೆ. ಯಾರೂ ಏನೂ ಅಂದಿರಲಿಲ್ಲ. ಅನ್ನುವ ಅಗತ್ಯವೂ ಇರಲಿಲ್ಲ.

ಆಡಮ್ ಸ್ಮಿತ್ 1776ರ ತನ್ನ ಪ್ರಸಿದ್ಧ ಗ್ರಂಥದಲ್ಲಿ 'ಅಗತ್ಯ' ಎಂದರೇನು ಎಂದು ವಿವರಿಸುವಾಗ ನಾರುಬಟ್ಟೆಯ ಅಂಗಿಯ ಉದಾಹರಣೆ ಕೊಡುತ್ತಾನೆ. ಬದುಕಲು ಆ ಅಂಗಿ ಬೇಕಿಲ್ಲ. ಗ್ರೀಕರು, ರೋಮನರು ಅದಿಲ್ಲದೆಯೇ ಸುಖವಾಗಿದ್ದರು. ಆದರೆ ತನ್ನ ಕಾಲದ ಯುರೋಪಿನಲ್ಲಿ ಮರ್ಯಾದಸ್ಥ ಕೂಲಿಯವನೊಬ್ಬ ಅದಿಲ್ಲದೆ ನಾಲ್ಕು ಜನರ ನಡುವೆ ಬರಲು ನಾಚುತ್ತಾನೆ. ಹಾಗಾಗಿ ಅದು ಅಗತ್ಯವೇ. ಹಸಿವಿನಂತೆ ನಾಚಿಕೆಯೂ ಮನುಷ್ಯನ ಬೇಡಿಕೆಗಳನ್ನು ನಿರ್ಧರಿಸುತ್ತದೆ ಎಂಬ ಈ ಮಾತು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನನ್ನ ಅಂಗಿಯೂ ಒಂದು ಚೀಲವೇ ಆಗಿತ್ತು.

ಬಳ್ಳಾರಿಯ ಹಾಸ್ಟೆಲಿಗೆ ಸೇರಿದಾಗ ಅವ್ವ ಯೂರಿಯಾ ಚೀಲವನ್ನು ತೊಳೆದು, ದರ್ಜಿಯ ಕೈಲಿ ಹಿಡಿಕೆ ಹಚ್ಚಿಸಿ ಕೊಟ್ಟಿದ್ದಳು. ಗಟ್ಟಿ ಚೀಲ. ಎಷ್ಟು ತೊಳೆದರೂ ಗೊಬ್ಬರದ ಕಂಪನಿಯ ಅಕ್ಷರ ಪೂರಾ ಹೋಗಿರಲಿಲ್ಲ. ಅದರಲ್ಲಿ ಬಟ್ಟೆ, ರೊಟ್ಟಿ, ಶೇಂಗಾ ಚಟ್ನಿ. ಕೋಣೆಯ ಹುಡುಗನೊಬ್ಬ "ಇದು ಯಾರ್ದೋ?" ಅಂತ ಕೇಳಿದಾಗ, ಊರಿಂದ ಬಂದವರು ಯಾರೋ ಬಿಟ್ಟು ಹೋಗಿದ್ದಾರೆ ಅಂದೆ. ಎರಡು ದಿನ ಬಟ್ಟೆ ಬದಲಿಸದೆ ಇದ್ದು, ಯಾರೂ ಇಲ್ಲದಾಗ ಅದನ್ನು ಬಿಚ್ಚಿದೆ. ಆಗ ನನ್ನ ಕೈಗೆ ಯಾರಾದರೂ ದುಡ್ಡು ಕೊಟ್ಟಿದ್ದರೆ ಮೊದಲು ಕೊಳ್ಳುತ್ತಿದ್ದದ್ದು ಪುಸ್ತಕವನ್ನಲ್ಲ, ಒಂದು ಸೂಟ್‌ಕೇಸನ್ನು.

ಆದ್ದರಿಂದ ಅವಳ ಆಸೆಯನ್ನು ಶೋಕಿ ಎಂದು ತಳ್ಳಿಹಾಕುವ ಹಕ್ಕು ನನಗಿಲ್ಲ. ಆದರೂ ಸ್ಮಿತ್‌ನ ಅಂಗಿಗೂ ಈ ಚೀಲಕ್ಕೂ ಒಂದು ವ್ಯತ್ಯಾಸವಿದೆ. ನಾರಿನ ಅಂಗಿ ಎಲ್ಲ ಕೂಲಿಕಾರರಿಗೂ ಸಿಕ್ಕಿದರೆ ನಾಚಿಕೆ ಮುಗಿಯುತ್ತದೆ. ಈ ಚೀಲ ಎಲ್ಲರಿಗೂ ಸಿಕ್ಕಿದರೆ ಮುಗಿಯುವುದು ಚೀಲದ ಮಹತ್ವವೇ. ದುಬಾರಿಯಾಗಿರುವುದೇ ಕೆಲವು ವಸ್ತುಗಳ ಉಪಯೋಗ ಎಂದು ಥಾರ್ಸ್ಟೈನ್ ವೆಬ್ಲೆನ್ 1899ರಲ್ಲೇ ಬರೆದಿದ್ದ. ಹುಡುಗಿ ಈಗ ತನ್ನ ಬ್ಯಾಗನ್ನು ಮೇಜಿನ ಮೇಲೆ ಇಡುತ್ತಾಳೆ. ಮುಂದಿನ ವರ್ಷ ಕೊಟ್ಟೂರಿನಿಂದಲೋ ಕೂಡ್ಲಿಗಿಯಿಂದಲೋ ಬರುವ ಹುಡುಗಿ ಇದನ್ನು ನೋಡಿ ತನ್ನದನ್ನು ಕುರ್ಚಿಯ ಕೆಳಗೆ ಸರಿಸುತ್ತಾಳೆ. ನಾಚಿಕೆ ಎಲ್ಲಿಗೂ ಹೋಗಲಿಲ್ಲ, ಒಂದು ಕುರ್ಚಿ ಆಚೆಗೆ ಸರಿಯಿತು, ಅಷ್ಟೆ.

ಬೆಲೆ ಕುಶಲತೆಗೆ ತಾನೇ ಎನ್ನಬಹುದು. ಚೀಲ ಚೆನ್ನಾಗಿತ್ತು, ಸುಳ್ಳಲ್ಲ. ಹೊಲಿಗೆ ಎಣ್ಣೆ ಬತ್ತಿಯ ಹಾಗೆ ನೇರ. ಆದರೆ ಕುಶಲತೆಗೆ ಎಷ್ಟು ಸಂದಾಯವಾಗುತ್ತದೆ? 2024ರ ಜೂನ್‌ನಲ್ಲಿ ಮಿಲಾನಿನ ನ್ಯಾಯಾಲಯ ಡಿಯೋರ್ ಕಂಪನಿಯ ಚೀಲ ತಯಾರಿಕೆಯ ಅಂಗಸಂಸ್ಥೆಯೊಂದನ್ನು ತನ್ನ ಮೇಲ್ವಿಚಾರಣೆಗೆ ಒಪ್ಪಿಸಿಕೊಂಡಿತು. ಮರುವರ್ಷ ಅದನ್ನು ತೆರವುಗೊಳಿಸಿತು. ತನಿಖೆಯಲ್ಲಿ ಹೊರಬಿದ್ದ ಲೆಕ್ಕ ಹೀಗಿತ್ತು: ಕಚ್ಚಾ ವಸ್ತುವಿನ ಖರ್ಚು ಬಿಟ್ಟರೆ, ಒಂದು ಚೀಲ ಜೋಡಿಸಿಕೊಟ್ಟ ಗುತ್ತಿಗೆದಾರನಿಗೆ ಸಂದದ್ದು 53 ಯೂರೋ, ಅಂಗಡಿಯಲ್ಲಿ ಅದೇ ಚೀಲದ ಬೆಲೆ 2,600 ಯೂರೋ. ಕುಶಲತೆಯೇ ಬೇಕೆಂದರೆ ಸಂಡೂರು ನಮಗೇನೂ ದೂರವಲ್ಲ. ಅಲ್ಲಿನ ಲಂಬಾಣಿ ಕಸೂತಿಗೆ 2010ರಲ್ಲೇ ಜಿಐ ಮಾನ್ಯತೆ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ ಕೈಕೆಲಸದ 1,755 ಕಸೂತಿಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ನಮ್ಮ ಹುಡುಗಿಯ ಹತ್ತಿರವೂ ಕನ್ನಡಿ, ಕವಡೆ ಕೂಡಿಸಿದ ಅಂಥದೊಂದು ಚೀಲವಿದೆ. ಪ್ರದರ್ಶನದಲ್ಲಿ ಕೊಳ್ಳುವಾಗ ನೂರು ರೂಪಾಯಿ ಇಳಿಸಲು ಕಾಲು ತಾಸು ಚೌಕಾಸಿ ಮಾಡಿದವನು ನಾನೇ. ಈ ಅಂಗಡಿಯಲ್ಲಿ ಮಾತ್ರ ನನ್ನ ಬಾಯಿಯಿಂದ ಆ ಶಬ್ದ ಹೊರಡಲಿಲ್ಲ.

ಅದೇ ಜುಲೈನಲ್ಲಿ ಪ್ಯಾರಿಸ್ಸಿನಲ್ಲಿ, ನಟಿ ಜೇನ್ ಬರ್ಕಿನ್‌ಗಾಗಿ ಎರ್ಮೆಸ್ ಕಂಪನಿ ಮಾಡಿಕೊಟ್ಟಿದ್ದ ಮೊದಲ 'ಬರ್ಕಿನ್' ಚೀಲ 86 ಲಕ್ಷ ಯೂರೋಗೆ, ಅಂದರೆ ಸುಮಾರು 86 ಕೋಟಿ ರೂಪಾಯಿಗೆ, ಹರಾಜಾಯಿತು. ಇಂಥ ಬೆಲೆ ನಿಲ್ಲುವುದು ವಿರಳತೆಯ ಮೇಲೆ. ಬರ್ಬೆರಿ ಕಂಪನಿ ಒಂದೇ ವರ್ಷದಲ್ಲಿ 2.86 ಕೋಟಿ ಪೌಂಡ್ ಮೌಲ್ಯದ ಮಾರಾಟವಾಗದ ಸರಕನ್ನು ನಾಶ ಮಾಡಿತ್ತೆಂಬುದು 2018ರಲ್ಲಿ ಬಯಲಾಯಿತು. ಕಡಿಮೆ ಬೆಲೆಗೆ ಯಾರ ಕೈಗಾದರೂ ಸಿಕ್ಕರೆ ಹೆಸರು ಕೆಡುತ್ತದೆ ಎಂಬುದು ಈ ವ್ಯಾಪಾರದ ಭಯ. ಟೀಕೆ ಬಂದ ಮೇಲೆ ಕಂಪನಿ ಆ ಪದ್ಧತಿಯನ್ನು ನಿಲ್ಲಿಸಿತು.

ಇದನ್ನು ಓದಿದಾಗ ನನಗೆ ಅಕ್ಕನ ನೆನಪಾಯಿತು. ಅವಳದು ಮಲ್ಲಿಗೆ ತೋಟ. ನಮ್ಮ ತಾಲ್ಲೂಕಿನ ಮಲ್ಲಿಗೆಗೂ ಜಿಐ ಮಾನ್ಯತೆ ಇದೆ. ಇಲ್ಲಿನ ಹೂ ಹಡಗಿನಲ್ಲಿ ತುಂಗಭದ್ರೆಯ ಮೇಲೆ ವಿಜಯನಗರಕ್ಕೆ ಹೋಗುತ್ತಿತ್ತು, ಅದಕ್ಕೇ ಹೂವಿನ ಹಡಗಲಿ ಎಂಬ ಹೆಸರು ಬಂತು ಎಂಬ ಪ್ರತೀತಿಯೂ ಇದೆ. ಆ ಹೂವೂ ವಿಲಾಸದ ವಸ್ತುವೇ. ಯಾರ ಹಸಿವನ್ನೂ ಅದು ತುಂಬುವುದಿಲ್ಲ. ಆದರೆ ಸಂಜೆ ಮಾಲೆ ಮಿಕ್ಕಿದರೆ ಅಕ್ಕ ಅದನ್ನು ಸುಡುವುದಿಲ್ಲ. ಮೊಗ್ಗು ಅರಳುವ ಮೊದಲು ಓಣಿಯ ಹೆಣ್ಣುಮಕ್ಕಳಿಗೆಲ್ಲ ತುಂಡು ತುಂಡು ಹರಿದು ಕೊಡುತ್ತಾಳೆ, ಒಂದು ಮೊಳ ಗುಡಿಗೆ ಹೋಗುತ್ತದೆ. ಅದರಿಂದ ಮರುದಿನದ ಹೂವಿನ ಬೆಲೆ ಇಳಿಯುವುದಿಲ್ಲ.

ಹಳ್ಳಿ ಒಳ್ಳೆಯದು, ಪೇಟೆ ಕೆಟ್ಟದ್ದು ಎನ್ನಲು ಇದನ್ನು ಹೇಳುತ್ತಿಲ್ಲ. ನಮ್ಮೂರಿನ ಕಲ್ಲೇಶ್ವರ ಗುಡಿಯನ್ನು ಕಲ್ಯಾಣ ಚಾಲುಕ್ಯರ ಸೋಮೇಶ್ವರನ ಮಂತ್ರಿ ದೇಮರಸ 1057ರ ಸುಮಾರಿಗೆ ಕಟ್ಟಿಸಿದ. ಅದರ ಬಾಗಿಲುವಾಡದ ಕೆತ್ತನೆಯ ಮುಂದೆ ಯಾವ ಚೀಲದ ಹೊಲಿಗೆಯೂ ನಿಲ್ಲದು. ಅದೂ ಹೆಚ್ಚುವರಿ ಸಂಪತ್ತಿನ ಕೆಲಸವೇ, ಅದರ ಕೂಲಿಯ ಲೆಕ್ಕವನ್ನೂ ನಾವು ಕೇಳುವುದಿಲ್ಲ. ಅಂಥ ಗುಡಿಗಳ ಬಾಗಿಲು ಎಷ್ಟೋ ಜಾತಿಗಳ ಜನರಿಗೆ ನೂರಾರು ವರ್ಷ ಮುಚ್ಚಿತ್ತು ಎಂಬುದೂ ನಿಜ. ಜನರನ್ನು ಹೊರಗೆ ನಿಲ್ಲಿಸಿ ಒಳಗಿನವರ ಘನತೆ ಹೆಚ್ಚಿಸುವುದನ್ನು ನಾವು ಮಾಲಿನಿಂದ ಕಲಿಯಲಿಲ್ಲ.

ಚೌತಿಗೆ ಇಬ್ಬರೂ ಊರಿಗೆ ಹೋದೆವು. ಅಕ್ಕ ಹೂ ಕಟ್ಟುತ್ತ ಕೂತಿದ್ದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು ಚೀಲವನ್ನು ಮುಟ್ಟಿದಳು, ಒಳಗೆ ಕೈಹಾಕಿ ನೋಡಿದಳು.

"ಚಲೋ ಐತಿ. ಎಷ್ಟು ಕೊಟ್ಟಿ?"

ಹುಡುಗಿ ನನ್ನ ಮುಖ ನೋಡಿದಳು. "ಎರಡು ಸಾವಿರ, ಅವ್ವಾ."

"ಹೆಚ್ಚಾತು" ಅಂದಳು ಅಕ್ಕ. "ಚೌಕಾಸಿ ಮಾಡಬೇಕಿತ್ತು. ಮಾಮ ಇದ್ನಲ್ಲ ಜೋಡಿ." ಮತ್ತೆ ದಾರ ಎತ್ತಿಕೊಂಡಳು.

ಬೆಂಗಳೂರಿನಲ್ಲಿ ಯಾರೂ ಕೇಳದೆಯೇ ತನ್ನ ಬೆಲೆಯನ್ನು ಸಾರುವ ಚೀಲ, ಹಿರೇಹಡಗಲಿಯ ಪಡಸಾಲೆಯಲ್ಲಿ ಕೇಳಿದರೂ ಬೆಲೆ ಹೇಳಲಾರದೆ ಹೋಯಿತು. ಅವ್ವನ ಮನಸ್ಸು ನೋಯಬಾರದೆಂಬ ಕರುಣೆ ಅದು ಎಂದುಕೊಳ್ಳಬಹುದು. ಆದರೆ ನನಗೆ ಅಕ್ಕ ಗೊತ್ತು. ನಿಜ ಹೇಳಿದ್ದರೆ ಅವಳು ನೊಂದು ಕೂರುತ್ತಿರಲಿಲ್ಲ, ಸಿಟ್ಟಾಗುತ್ತಿದ್ದಳು, ಆಮೇಲೆ ಒಂದೊಂದೇ ಪ್ರಶ್ನೆ ಕೇಳುತ್ತಿದ್ದಳು. ಯಾರು ಮಾಡಿದ್ದು? ಅವರಿಗೆಷ್ಟು ಕೊಟ್ಟರು? ಉಳಿದದ್ದು ಯಾರಿಗೆ ಹೋತು? ನಿನಗ ಯಾಕ ಬೇಕಾತು? ನಾವು ಹೆದರಿದ್ದು ಅವಳ ನೋವಿಗಲ್ಲ, ಈ ಪ್ರಶ್ನೆಗಳಿಗೆ.

ಹಾಗಾಗಿ ಈಗ ನನಗೆ ತೋಚುವುದು ಇಷ್ಟೇ. ಒಂದು ಕೊಳ್ಳುವಿಕೆ ಸರಿಯೋ ತಪ್ಪೋ ಎಂಬುದು ಅದರ ಮೊತ್ತದಲ್ಲಿಲ್ಲ. ನಮ್ಮನ್ನು ಬೆಳೆಸಿದವರು, ನಮಗೆ ಬಾಗಿಲು ತೆಗೆದವರು ಕೇಳಿದಾಗ ಬೆಲೆ ಹೇಳಿ, ಅವರ ಮುಂದಿನ ಪ್ರಶ್ನೆಗೂ ನಿಂತು ಉತ್ತರ ಕೊಡಬಲ್ಲೆವೇ ಎಂಬುದರಲ್ಲಿದೆ. ಉತ್ತರ ಅವರಿಗೆ ಒಪ್ಪಿಗೆಯಾಗಲೇಬೇಕೆಂದಿಲ್ಲ. ಮದುವೆಯ ಖರ್ಚನ್ನು ಅಕ್ಕ ಊರೆಲ್ಲ ಹೇಳಿಕೊಂಡು, ಅದಕ್ಕೆ ಬಂದ ಬೈಗುಳವನ್ನೂ ತಿಂದಿದ್ದಾಳೆ. ಈ ಪರೀಕ್ಷೆಯಲ್ಲಿ ನಾನೇನೂ ಪಾಸಾಗುವವನಲ್ಲ. ಎಷ್ಟೋ ಪುಸ್ತಕಗಳ ಬೆಲೆಯ ಚೀಟಿಯನ್ನು ಮನೆ ಮುಟ್ಟುವ ಮೊದಲೇ ಕಿತ್ತಿದ್ದೇನೆ.

ಮರಳುವಾಗ ಬಸ್ಸಿನಲ್ಲಿ ಹುಡುಗಿ ಬಹಳ ಹೊತ್ತು ಸುಮ್ಮನಿದ್ದು, "ಹೇಳಬೇಕಿತ್ತೇನು ಮಾಮಾ?" ಅಂದಳು. ಏನು ಹೇಳಬೇಕೋ ತಿಳಿಯದೆ ಯೂರಿಯಾ ಚೀಲದ ಕತೆ ಹೇಳಿದೆ. ಅದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

"ಅಜ್ಜಿಗೆ ಇದು ಗೊತ್ತಿತ್ತಾ?"

"ಇಲ್ಲ. ಹೇಳೂದ್ರಾಗ ತೀರಿಕೊಂಡ್ಲು."

ಅವಳು ತೊಡೆಯ ಮೇಲಿನ ಚೀಲದ ಹಿಡಿಕೆಯನ್ನು ಹಿಡಿದುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. "ದೀಪಾವಳಿಗೆ ಬಂದಾಗ ನಾ ಅವ್ವಗ ಹೇಳ್ತೀನಿ" ಅಂದಳು. ನಾನೂ ಬರುತ್ತೇನೆ ಅಂದೆ.