ಸುಮ್ಮನಿರುವುದರ ಖರ್ಚು

ಪುಸ್ತಕದ ಕಪಾಟಿಗೆಂದು ಪೈನ್ ಹಲಗೆ ತಂದಿದ್ದೆ. ಫಿನ್ಲೆಂಡಿನ ಮಾಲು ಎಂದಿದ್ದರು ಅಂಗಡಿಯವರು. ಹತ್ತರಿ ಹೊಡೆಯುತ್ತಿದ್ದ ಬಡಗಿ ಮೂಗು ಮುರಿದರು: ‘ಇದರಲ್ಲಿ ಚೇಗೆಲ್ಲಿದೆ ಸಾರ್, ಬರೀ ಬಿಳಿ.’ ಚೇಗು ಎಂದರೆ ಮರದ ನಡುವಿನ ಗಟ್ಟಿ ಭಾಗ, ಬೆಲೆ ಬಾಳುವಂಥದ್ದು. ಅವರ ಮಾತು ಬಡಗಿತನಕ್ಕೆ ಸರಿ. ಆದರೆ ಚೇಗು ಪೂರ್ತಿ ಸತ್ತ ಭಾಗ. ಅವರು ಹಳಿದ ಬಿಳಿಯಲ್ಲೂ ಬಹುಪಾಲು ಕೋಶಗಳು ಸತ್ತು ನೀರಿನ ಕೊಳವೆಗಳಾಗಿರುತ್ತವೆ. ಅವುಗಳ ನಡುವೆ ಅಡ್ಡಡ್ಡ ಹಾಯುವ ತೆಳ್ಳನೆ ಸಾಲುಗಳಲ್ಲಿ, ತೊಗಟೆಯಡಿಯ ಪದರದಲ್ಲಿ ಮಾತ್ರ ಜೀವ ಉಳಿದಿರುತ್ತದೆ. ಕಾಂಡದ ಉಸಿರಾಟವೆಲ್ಲ ಅಷ್ಟರದ್ದೇ: ಎಲೆ ಮಾಡಿಟ್ಟ ಸಕ್ಕರೆಯನ್ನು ನಿಧಾನವಾಗಿ ಸುಟ್ಟು ಇಂಗಾಲದ ಡೈಆಕ್ಸೈಡನ್ನು ಹೊರಬಿಡುವುದು.

ಅದೇ ಫಿನ್ಲೆಂಡಿನ ಹ್ಯೂತಿಯಾಲಾದಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ಅರಣ್ಯ ಕೇಂದ್ರವಿದೆ. 1962ರಲ್ಲಿ ಬೀಜ ಬಿತ್ತಿ ಎಬ್ಬಿಸಿದ ಸ್ಕಾಟ್ಸ್ ಪೈನ್ ತೋಪನ್ನು 1990ರ ದಶಕದ ನಡುವಿನಿಂದ ಅಲ್ಲಿ ಅಳೆಯುತ್ತಲೇ ಇದ್ದಾರೆ. ಕಾಂಡದ ಉಸಿರು ಹಿಡಿಯುವ ಉಪಾಯ ಸರಳ. ಗಾಳಿ ಸೋರದಂತೆ ತೊಗಟೆಗೆ ಒಂದು ಡಬ್ಬಿ ಕೂರಿಸಿ, ಅದರೊಳಗೆ ಅನಿಲ ಎಷ್ಟು ಬೇಗ ಹೆಚ್ಚುತ್ತದೆಂದು ನೋಡುವುದು. ಆ ಸೀಮೆಯಲ್ಲಿ ಮೇ ಹೊತ್ತಿಗೆ ತೊಗಟೆಯಡಿಯ ಪದರ ಏಳುತ್ತದೆ. ಜೂನ್, ಜುಲೈಗಳಲ್ಲಿ ಕಾಂಡ ದಪ್ಪವಾಗುತ್ತ ಉಸಿರು ಏರುತ್ತದೆ. ಆಗಸ್ಟಿಗೆ ಹೊಸ ಕೋಶಗಳ ಹುಟ್ಟು ನಿಲ್ಲುತ್ತ ಬಂದು, ಹುಟ್ಟಿದವುಗಳ ಗೋಡೆ ಗಟ್ಟಿಯಾಗುವ ಕೆಲಸ ಉಳಿಯುತ್ತದೆ. ಹಿಮ ಬಿದ್ದ ಮೇಲೆ ಉಸಿರು ಇದೆಯೋ ಇಲ್ಲವೋ ಎನ್ನುವಷ್ಟು. ಹತ್ತು ಡಿಗ್ರಿ ಕಾವು ಏರಿದರೆ ಉಸಿರು ಹತ್ತಿರಹತ್ತಿರ ಇಮ್ಮಡಿ ಎಂಬುದು ಒರಟು ಲೆಕ್ಕ. ಹಾಗೆಂದು ಎಲ್ಲವನ್ನೂ ಕಾವಿನ ತಲೆಗೆ ಕಟ್ಟುವಂತಿಲ್ಲ. ಅದೇ ಕಾವಿನಲ್ಲಿ ಬೆಳೆಯುತ್ತಿರುವ ಕಾಂಡ ಹೆಚ್ಚು ಉಸಿರು ಬಿಡುತ್ತದೆ, ಬೆಳವಣಿಗೆ ನಿಂತ ಕಾಂಡ ಕಡಿಮೆ.

ಇರುವುದೂ ಬೆಳೆಯುವುದೂ ಬೇರೆಬೇರೆಯೇ ಎಂಬ ಹಳೆಯ ತತ್ತ್ವದ ಪ್ರಶ್ನೆ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದದ್ದು ಇಲ್ಲಿಯೇ. 1970ರಲ್ಲಿ ಮಕ್‌ಕ್ರೀ ಎಂಬ ವಿಜ್ಞಾನಿ ಬಿಳಿ ಕ್ಲೋವರ್ ಎಂಬ ಮೇವಿನ ಗಿಡದ ಉಸಿರನ್ನು ಎರಡು ಬಾಬತ್ತಾಗಿ ಬರೆದರು: ಬೆಳೆಯಲು ತಗಲುವುದು ಒಂದು, ಇದ್ದದ್ದನ್ನು ಉಳಿಸಿಕೊಳ್ಳಲು ತಗಲುವುದು ಇನ್ನೊಂದು. ಈ ಲೆಕ್ಕವನ್ನು ಮರಕ್ಕೆ ತಂದಾಗ ಋತುವೇ ಕತ್ತರಿಯಾಯಿತು. ಬೆಳವಣಿಗೆಯಿಲ್ಲದ ಕಾಲದಲ್ಲಿ ಅಳೆದರೆ ಅದು ಬರೀ ಇರುವಿಕೆಯ ಖರ್ಚು. ಅದನ್ನು ಬೇಸಿಗೆಯ ಕಾವಿಗೆ ಏರಿಸಿ, ಬೇಸಿಗೆಯ ಒಟ್ಟು ಉಸಿರಿನಿಂದ ಕಳೆದರೆ ಮಿಕ್ಕದ್ದು ಬೆಳವಣಿಗೆಯ ಖರ್ಚು.

ಕಾಡಿನ ಇಂಗಾಲದ ಜಮಾಖರ್ಚು ನೋಡುವವರಿಗೆ ಈ ಲೆಕ್ಕ ಬೇಕು, ಅದಕ್ಕೆ ನನ್ನ ಅಡ್ಡಿಯಿಲ್ಲ. ತಕರಾರು ಇರುವುದು ಅದರ ಅಡಿಯಲ್ಲಿ ಕೂತ ನಂಬಿಕೆಯ ಮೇಲೆ: ‘ಇರುವುದು’ ನೆಲಕ್ಕೆ ಹಾಸಿದ ಚಾಪೆ, ‘ಬೆಳೆಯುವುದು’ ಅದರ ಮೇಲಿನ ಕುಣಿತ, ಕುಣಿತ ನಿಂತಾಗ ಚಾಪೆ ಇದ್ದ ಹಾಗೇ ಕಾಣುತ್ತದೆ ಎಂಬ ನಂಬಿಕೆ. ಚಳಿಗಾಲದ ಪೈನ್ ಸುಮ್ಮನೆ ಕೂತಿರುವುದಿಲ್ಲ. ಚಳಿ ಬೀಳುವ ಮೊದಲೇ ಅದು ಪಿಷ್ಟವನ್ನು ಸಕ್ಕರೆ ಮಾಡಿಕೊಂಡು, ಕೋಶಪೊರೆಗಳ ಸ್ವಭಾವವನ್ನೇ ಬದಲಿಸಿಕೊಂಡು ಹೆಪ್ಪುಗಟ್ಟುವ ರಾತ್ರಿಗಳಿಗೆ ಸಿದ್ಧವಾಗಿರುತ್ತದೆ. ಜನವರಿಯಲ್ಲಿ ಇರುವುದೆಂದರೆ ಅದನ್ನೆಲ್ಲ ಕಾಯ್ದುಕೊಳ್ಳುವುದು. ಜುಲೈಯಲ್ಲಿ ಇರುವುದೆಂದರೆ ನಿನ್ನೆ ಹುಟ್ಟಿದ ಕೋಶವನ್ನೂ ಸಾಕುವುದು. ಅಜ್ಜಿ ಒಬ್ಬಳೇ ಇದ್ದ ತಿಂಗಳ ದಿನಸಿ ಚೀಟಿ ಹಿಡಿದು, ಮೊಮ್ಮಕ್ಕಳು ಬಂದ ತಿಂಗಳ ಚೀಟಿಯಿಂದ ಕಳೆದು, ಮಿಕ್ಕದ್ದು ಮಕ್ಕಳು ಉಂಡದ್ದು ಎನ್ನಬಹುದು. ಆದರೆ ಮಕ್ಕಳು ಬಂದ ತಿಂಗಳು ಅಜ್ಜಿಯೂ ಎರಡು ತುತ್ತು ಹೆಚ್ಚು ಉಣ್ಣುತ್ತಾಳೆ. ಆ ಎರಡು ತುತ್ತು ಯಾರ ಲೆಕ್ಕಕ್ಕೆ?

ಜಾಗದ ತೊಡಕು ಬೇರೆ ಇದೆ. ಡಬ್ಬಿಗೆ ಸಿಕ್ಕ ಉಸಿರು ಆ ಜಾಗದ ಕೋಶಗಳದ್ದೇ ಆಗಬೇಕೆಂದಿಲ್ಲ. ಹೊರಗಿನ ಗಾಳಿಯಲ್ಲಿ ಶೇಕಡ 0.04ರಷ್ಟಿರುವ ಈ ಅನಿಲ ಮರಗಳ ಕಾಂಡದೊಳಗೆ ಶೇಕಡ 1ರಿಂದ 20ಕ್ಕೂ ಮೀರಿ ತುಂಬಿರಬಲ್ಲದು. ತೊಗಟೆ ಅದನ್ನು ಸಲೀಸಾಗಿ ಹೊರಬಿಡದು. ಒಂದಿಷ್ಟು ಅನಿಲ ಏರುವ ನೀರಿನಲ್ಲಿ ಕರಗಿ ಮೇಲಕ್ಕೆ ಸಾಗುತ್ತದೆ; ಬುಡದಲ್ಲಿ ಬಿಟ್ಟ ಉಸಿರು ಎಷ್ಟೋ ಹೊತ್ತಿನ ಮೇಲೆ ಎತ್ತರದ ತೊಗಟೆಯಿಂದ ಹೊರಬೀಳುತ್ತದೆ. ಉಸಿರಾಟ ಎಂದೊಡನೆ ನಮಗೆ ಏರಿಳಿಯುವ ಒಂದು ಎದೆ ನೆನಪಾಗುತ್ತದೆ. ಮರಕ್ಕೆ ಅಂಥ ಎದೆ ಎಲ್ಲೂ ಇಲ್ಲದ್ದರಿಂದ ‘ಇಲ್ಲಿ, ಈಗ, ಇಷ್ಟು’ ಎಂಬ ಮೂರು ಮಾತೂ ಅದರ ವಿಷಯದಲ್ಲಿ ಸಡಿಲ.

ಬಡಗಿ ಊಟಕ್ಕೆ ಹೋದಾಗ ಹಲಗೆಯ ಕೊಯ್ದ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅಗಲವಾದ ತಿಳಿ ಪಟ್ಟಿ, ಅದು ಬೆಳೆಯುವ ಕಾಲದ ಮೊದಲ ಪಾಲು. ಅದಕ್ಕೆ ಅಂಟಿದ ಕಂದು ಗೆರೆ ಕೊನೆಯ ಪಾಲು. ಗೆರೆ ಮುಗಿದಲ್ಲಿ ಮತ್ತೆ ತಿಳಿ, ಅದು ಮುಂದಿನ ವರ್ಷ. ನಡುವೆ ಆರೇಳು ತಿಂಗಳ ಚಳಿ ಕಳೆದಿದೆ, ಆ ರಾತ್ರಿಗಳಲ್ಲೂ ಮರ ಸಕ್ಕರೆ ಸುಟ್ಟಿದೆ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ, ಉಗುರಿನಿಂದ ಕೆರೆದೂ ನೋಡಿದೆ. ಕಂದಿಗೂ ತಿಳಿಗೂ ನಡುವೆ ಕೂದಲೆಳೆಯಷ್ಟೂ ಜಾಗವಿರಲಿಲ್ಲ.